ತುಕ್ಕಿಗಿಂತ ಎಮರಿ ಪೇಪರೇ ಜಾಸ್ತಿ ಕೆಡಿಸುತ್ತದೆ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಟೂಲ್‌ರೂಮ್. ಅಲ್ಲಿ ಅಳತೆ ಸಾಮಾನು ಕೊಡುವುದು, ವಾಪಸ್ ತಗೊಳ್ಳುವುದು, ಕೆಟ್ಟಿದ್ದನ್ನು ಸರಿ ಮಾಡುವುದು ನನ್ನ ಕೆಲಸ. ಶಾಪಿನಲ್ಲಿ ವಿಜಯಪುರ, ಕಲಬುರಗಿ, ಬೀದರ ಕಡೆಯವರು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಬೈಗುಳ ಕನ್ನಡದಲ್ಲೇ ನಡೆಯುತ್ತದೆ.

ಮಳೆ ಹಿಡಿಯಿತೆಂದರೆ ಸ್ಟೀಲ್ ಸ್ಕೇಲಿಗೆ ತುಕ್ಕು ಗ್ಯಾರಂಟಿ. ಅದರಿಂದ ನನಗೆ ಅಷ್ಟು ತಲೆನೋವಿಲ್ಲ. ತಲೆನೋವು ಬರುವುದು ಯಾರಾದರೂ ಅದನ್ನು ತಾವೇ ಎಮರಿ ಪೇಪರಿನಲ್ಲೋ (ಉಜ್ಜುವ ಒರಟು ಕಾಗದ), ಮಷೀನಿನಲ್ಲೋ ಉಜ್ಜಿ ತಂದಾಗ. ಒಬ್ಬ ಐಟಿಐ ಹುಡುಗ 300 ಮಿಮೀ ಸ್ಕೇಲನ್ನು ಹೊಳಪು ಕೊಡುವ ಬಫಿಂಗ್ ವೀಲಿಗೆ ಹಿಡಿದು ಖುಷಿಯಿಂದ ತಂದ.

"ನೋಡ್ರಿ ಸರ, ಕನ್ನಡಿ ಆದಂಗ ಆಗ್ಯಾದ."

"ಮಾರಿ ನೋಡ್ಕೊಳ್ಳಾಕ ಛಲೋ ಆಗ್ಯಾದ. ಅಳತಿ ಹೆಂಗ ನೋಡ್ತಿ?"

ಅರ್ಧ ಮಿಲಿಮೀಟರಿನ ಗೆರೆಗಳು ಅಲ್ಲಲ್ಲಿ ಅಳಿಸಿಹೋಗಿದ್ದವು. ಅದಕ್ಕಿಂತ ಕೆಟ್ಟದ್ದು, ಅಂಚು ದುಂಡಗಾಗಿತ್ತು. ಗೆರೆ ಅಂಚಿನ ತುದಿವರೆಗೆ ಬಂದು ಜಾಬಿಗೆ, ಅಂದರೆ ಅಳೆಯುವ ವಸ್ತುವಿಗೆ, ತಾಗಬೇಕು. ಅಂಚು ದುಂಡಗಾದರೆ ಗೆರೆಗೂ ಜಾಬಿಗೂ ನಡುವೆ ಸಂದು ಬೀಳುತ್ತದೆ. ಆಮೇಲೆ ಕಣ್ಣು ಸ್ವಲ್ಪ ಆಚೆ ಈಚೆ ಹೋದರೂ ಅಳತೆ ಬದಲಾಗುತ್ತದೆ. ತುಕ್ಕಿದ್ದಾಗ ಆ ಸ್ಕೇಲ್ ಉಳಿಯುತ್ತಿತ್ತು. ಹೊಳಪು ಬಂದ ಮೇಲೆ ಸತ್ತುಹೋಯಿತು.

ನಾನು ಮಾಡುವುದು ನಿಧಾನದ ಕೆಲಸ. ಒಂದು ಟ್ರೇಯಲ್ಲಿ ಸೀಮೆಎಣ್ಣೆ ಹಾಕಿ ರಾತ್ರಿಯಿಡೀ ನೆನೆಸುತ್ತೇನೆ. ಬೆಳಿಗ್ಗೆ ಬಟ್ಟೆಯಲ್ಲಿ ಒರೆಸಿದರೆ ಮೇಲಿನ ಪುಡಿ ಹೋಗುತ್ತದೆ. ಗಟ್ಟಿ ಕೂತ ಕಡೆ ಹಿತ್ತಾಳೆ ಪಟ್ಟಿಯಿಂದ ಕೆರೆಯುತ್ತೇನೆ. ಹಿತ್ತಾಳೆ ಸ್ಟೀಲಿಗಿಂತ ಮೆತ್ತಗೆ, ಗೆರೆಗೆ ಪೆಟ್ಟಾಗುವುದಿಲ್ಲ. ಉಳಿದದ್ದಕ್ಕೆ ತೀರಾ ನಯವಾದ ಸ್ಟೀಲ್ ವೂಲ್, ಅದೂ ಸಪಾಟಾದ ಮರದ ತುಂಡಿಗೆ ಸುತ್ತಿ, ಎಣ್ಣೆ ಹಚ್ಚಿ, ಉದ್ದಕ್ಕೆ ಮಾತ್ರ. ಬೆರಳಿನಿಂದ ಒತ್ತಿ ಉಜ್ಜಲೇಬಾರದು. ಬೆರಳು ಬಗ್ಗುತ್ತದೆ, ಅಂಚಿನ ಮೇಲೆ ಜಾರಿ ಅದನ್ನೇ ತಿನ್ನುತ್ತದೆ. ಅಂಚಿನಲ್ಲಿ ಬರ್ (ಎದ್ದ ಚೂಪು ಮುಳ್ಳು) ಇದ್ದರೆ ಆಯಿಲ್‌ಸ್ಟೋನನ್ನು (ಎಣ್ಣೆ ಹಚ್ಚಿ ಮಸೆಯುವ ಕಲ್ಲು) ಸಪಾಟಾಗಿ ಇಟ್ಟು ಒಂದೆರಡು ಸಲ ಹಗುರಾಗಿ ಎಳೆದರೆ ಸಾಕು. ಫೈಲ್ ಮುಟ್ಟಬೇಡಿ.

ವಿನೆಗರ್ ಹಾಕಿದರೆ ಬೇಗ ಆಗುತ್ತದಲ್ಲ ಅಂತ ಕೇಳುತ್ತಾರೆ. ಆಗುತ್ತದೆ, ನಿಜ. ಆದರೆ ಅದು ಆಸಿಡ್. ತುಕ್ಕು ತಿಂದ ಮೇಲೆ ಸ್ಟೀಲನ್ನೂ ತಿನ್ನಲು ಶುರು ಮಾಡುತ್ತದೆ, ಮೈ ಬೂದು ಬಣ್ಣಕ್ಕೆ ತಿರುಗುತ್ತದೆ. ಕ್ರೋಮ್ ಲೇಪನ ಎದ್ದಿರುವ ಸ್ಕೇಲಿನಲ್ಲಿ ಅದು ಲೇಪನದ ಕೆಳಗೆ ನುಗ್ಗಿ ಇನ್ನಷ್ಟು ಎಬ್ಬಿಸುತ್ತದೆ. ಹೇಗೂ ಗುಜರಿಗೆ ಹೋಗುವ ಸ್ಕೇಲಿಗೆ ಮಾತ್ರ ಬಳಸುತ್ತೇನೆ. ತೆಗೆದ ಕೂಡಲೇ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು. ಟೀ ಕುಡಿದು ಬಂದು ಹಚ್ಚುತ್ತೇನೆ ಅಂದರೆ ಅಷ್ಟರಲ್ಲಿ ಹೊಸ ತುಕ್ಕು ಬಂದಿರುತ್ತದೆ.

ಗೆರೆಯ ಕಪ್ಪು ಹೋಗಿದ್ದರೆ ಹೆದರಬೇಡಿ. ಗೆರೆ ಕೊರೆದ ಗುಂಡಿ ಉಳಿದಿದ್ದರೆ ಸಾಕು. ಕಪ್ಪು ಆಯಿಲ್ ಪೇಂಟನ್ನು ಬೆರಳಿನಿಂದ ತಿಕ್ಕಿ ತುಂಬಿ, ರಟ್ಟಿನ ಅಂಚಿನಿಂದ ಗೆರೆಗೆ ಅಡ್ಡಲಾಗಿ ಒರೆಸಿದರೆ ಮೇಲಿನದು ಹೋಗಿ ಒಳಗಿನದು ನಿಲ್ಲುತ್ತದೆ. ಒಣಗಲು ಸಮಯ ಬೇಕು, ಅಷ್ಟೇ.

ಸೊನ್ನೆ ಕಡೆಯ ತುದಿ ಬೇರೆಯದೇ ಕತೆ. ಮೊದಲು ಸವೆಯುವುದು ಅದೇ. ಅದಕ್ಕೇ ಹಳೇ ಫಿಟರ್‌ಗಳು 10ರ ಗೆರೆಯಿಂದ ಅಳೆಯುತ್ತಾರೆ. ಲೆಕ್ಕದಲ್ಲಿ 10 ಕಳೆಯಲು ಮರೆತವರ ಜಾಬ್ ಸರಿಯಾಗಿ 10 ಮಿಮೀ ಗಿಡ್ಡ ಬರುತ್ತದೆ, ಅದು ಪ್ರತಿ ಶಾಪಿನಲ್ಲೂ ನಡೆಯುವ ನಾಟಕ. ಸವೆದ ತುದಿಯನ್ನು ಗ್ರೈಂಡ್ ಮಾಡಿ ನೇರ ಮಾಡುವವರೂ ಇದ್ದಾರೆ. ನೇರ ಆಗುತ್ತದೆ, ಸೊನ್ನೆಯೂ ಹೋಗುತ್ತದೆ. ಪರೀಕ್ಷೆ ಸುಲಭ: ಒಳ್ಳೆಯ ಸ್ಕೇಲಿನ ಪಕ್ಕಕ್ಕೆ ಇಟ್ಟು 300ಕ್ಕೆ 300 ಕೂಡಿಸಿ, ಸೊನ್ನೆ ಕಡೆ ನೋಡಿ.

ಇಲ್ಲಿನ ಹಳೇ ಸಾಮಾನಿನ ಸಂತೆ ಜೂನಾ ಬಜಾರಿನಲ್ಲಿ ಬುಧವಾರ, ಭಾನುವಾರ ಹಳೇ ಇಂಚಿನ ಸ್ಕೇಲ್‌ಗಳು ಸಿಗುತ್ತವೆ, 64ನೇ ಭಾಗದವರೆಗೆ ಗೆರೆ ಇರುವಂಥವು. ಅವುಗಳ ಮೈಮೇಲಿನ ಗಟ್ಟಿ ಕಂದು ಪೊರೆಯನ್ನು ತೆಗೆಯಲು ಹೋಗಬೇಡಿ. ಗೆರೆ ಓದಲು ಬಂದರೆ ಸುಮ್ನೆ ಎಣ್ಣೆ ಒರೆಸಿ ಬಿಡಿ.

ದಪ್ಪವನ್ನು ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರಿನಲ್ಲಿ ನಾನು ಕೈ ಹಾಕುವುದು ಇನ್ನೂ ಕಡಿಮೆ. ಅಳತೆಯ ಎರಡು ಮುಖಗಳ ನಡುವೆ ಶುಭ್ರ ಕಾಗದ ಇಟ್ಟು, ಹಗುರಾಗಿ ಹಿಡಿಸಿ ಎಳೆದರೆ ಕೊಳೆ ಕಾಗದಕ್ಕೆ ಬರುತ್ತದೆ. ಆ ಮುಖಗಳಲ್ಲಿ ತುಕ್ಕಿನ ಗುಳಿ ಕಂಡರೆ ನಾನು ಉಜ್ಜುವುದಿಲ್ಲ, ಎನ್ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಕಳಿಸುತ್ತೇನೆ. ಗಾಳಿ ಊದುವ ಏರ್ ಗನ್ ಹಿಡಿಯಬೇಡಿ, ಲೋಹದ ಚೂರು ಒಳಗೇ ಹೋಗುತ್ತದೆ. ಎರಡು ಮುಖ ಪೂರ್ತಿ ಮುಚ್ಚಿ ಇಡಬೇಡಿ, ನಡುವೆ ಒಂದು ಮಿಮೀ ಸಂದು ಬಿಡಿ. ಮುಳ್ಳು ತಿರುಗಿ ಅಳತೆ ತೋರಿಸುವ ಡಯಲ್ ಗೇಜಿನ ಪ್ಲಂಜರಿಗಂತೂ (ಒಳಗೆ ಹೊರಗೆ ಜಾರುವ ಕಡ್ಡಿ) ಎಣ್ಣೆ ಬೇಡವೇ ಬೇಡ. ಧೂಳು ಹಿಡಿದು ಅಂಟಿಕೊಳ್ಳುತ್ತದೆ, ಮುಳ್ಳು ಅರ್ಧಕ್ಕೇ ನಿಲ್ಲುತ್ತದೆ.

ಸರಿ ಮಾಡಿ ಕೊಟ್ಟ ಮೇಲೂ "ಇದು ತಪ್ಪು ತೋರಿಸ್ತದ" ಎಂಬ ದೂರು ಬರುತ್ತದೆ. ಜಾಸ್ತಿ ಸಲ ತಪ್ಪು ಮೈಕ್ರೋಮೀಟರಿನದಲ್ಲ, ಲೇತಿನಿಂದ ಆಗಷ್ಟೇ ಇಳಿದ ಬಿಸಿ ಜಾಬಿನದು. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಎಂದು 1931ರಲ್ಲೇ ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿಕೊಂಡಿದ್ದಾರೆ. ಒಂದು ಮೀಟರ್ ಸ್ಟೀಲ್ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್, ಅಂದರೆ 0.0115 ಮಿಮೀ, ಹಿಗ್ಗುತ್ತದೆ. 100 ಮಿಮೀ ಜಾಬ್ ಮೈಕ್ರೋಮೀಟರಿಗಿಂತ 15 ಡಿಗ್ರಿ ಬಿಸಿ ಇದ್ದರೆ 0.017 ಮಿಮೀ ದಪ್ಪ ತೋರಿಸುತ್ತದೆ. ಎರಡನ್ನೂ ಒಂದೇ ಸರ್ಫೇಸ್ ಪ್ಲೇಟಿನ (ಅಳತೆಗೆ ಬಳಸುವ ಸಪಾಟು ಹಾಸು) ಮೇಲೆ ತಣ್ಣಗಾಗಲು ಬಿಟ್ಟು ಆಮೇಲೆ ಅಳೆದರೆ ದೂರು ಅಲ್ಲಿಗೇ ಮುಗಿಯುತ್ತದೆ.

ಇನ್ನು ದಿನದ ಆರೈಕೆ. ಬೆವರಿನಲ್ಲಿ ಉಪ್ಪಿದೆ, ಬೆರಳಿನ ಗುರುತಿನಲ್ಲೇ ತುಕ್ಕು ಏಳುತ್ತದೆ. ವಾಪಸ್ ಬಂದ ಪ್ರತಿ ಸಾಮಾನನ್ನೂ ಎಣ್ಣೆ ಬಟ್ಟೆಯಲ್ಲಿ ಒರೆಸದೆ ಒಳಗೆ ಇಡುವುದಿಲ್ಲ. ಹಳೇ ಮಿಸ್ತ್ರಿಗಳು ಪೆಟ್ಟಿಗೆಯಲ್ಲಿ ಕರ್ಪೂರ ಇಡುತ್ತಾರೆ. ನಾನು ತುಕ್ಕು ತಡೆಯುವ ವಿಸಿಐ ಕಾಗದ, ತೇವ ಹೀರುವ ಸಿಲಿಕಾ ಜೆಲ್ ಇಡುತ್ತೇನೆ. ನೀಲಿ ಹರಳು ಗುಲಾಬಿ ಆದರೆ ಓವನ್ನಿನಲ್ಲಿ ಕಾಯಿಸಿ ಮತ್ತೆ ಇಟ್ಟರಾಯಿತು. ಪೆಟ್ಟಿಗೆಯೊಳಗಿನ ಹಳೇ ಸ್ಪಂಜ್ ಪುಡಿಯಾಗಿ ಅಂಟುತ್ತಿದ್ದರೆ ಕಿತ್ತು ಬಿಸಾಕಿ.

ತೀರಾ ಹೋದ ಸ್ಕೇಲ್‌ಗಳ ತುದಿಗೆ ಕೆಂಪು ಬಣ್ಣ ಬಳಿದು ಗೋಡೆಯ ಮೊಳೆಗೆ ತೂಗುಹಾಕಿದ್ದೇನೆ. ಡಬ್ಬಿ ಮುಚ್ಚಳ ಎಬ್ಬಿಸಲು, ಗ್ರೀಸ್ ಕೆರೆಯಲು, ಸಂದಿಗೆ ತುರುಕಲು ಜನರಿಗೆ ಏನಾದರೂ ಬೇಕೇ ಬೇಕಲ್ವಾ? ಮೊದಲು ಒಳ್ಳೆ ಸ್ಕೇಲನ್ನೇ ಎತ್ತಿಕೊಳ್ಳುತ್ತಿದ್ದರು. ಒಳ್ಳೆಯದಕ್ಕೆ ಟೋಕನ್, ಸಹಿ ಎರಡೂ ಬೇಕು. ಕೆಂಪಿನದಕ್ಕೆ ಏನೂ ಬೇಡ, ಕೇಳದೆಯೂ ಒಯ್ಯಬಹುದು. ಈಗ ಬಾಗಿದ ಸ್ಕೇಲ್ ನನ್ನ ಹತ್ತಿರ ಬರುವುದು ಅಪರೂಪ.