ಅಕ್ಕುವನ್ನು ನೋಡಿ ನಕ್ಕ ಕ್ಲಾಸು

ಉಡುಪಿಯ ನಮ್ಮ ಕಾಲೇಜಿನಲ್ಲಿ ಕನ್ನಡ ಪೀರಿಯಡ್ಡು ಊಟದ ನಂತರ. ಸೆಕೆಗೆ ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಅದಕ್ಕೇ ಇರಬೇಕು, ಮಾಷ್ಟ್ರು ನಮ್ಮಿಂದಲೇ ಸಣ್ಣಕಥೆ ಓದಿಸುತ್ತಿದ್ದರು. ಕಾದಂಬರಿಯಾದರೆ ವಾರಗಟ್ಟಲೆ ಎಳೆಯುತ್ತದೆ. ಕಥೆ ಅರ್ಧ ಗಂಟೆಯಲ್ಲಿ ಮುಗಿದು, ಜಗಳ ಆಡಲು ಕಾಲು ಗಂಟೆ ಉಳಿಯುತ್ತದೆ. ಪಾಠ ಆಗುವುದು ಆ ಕಾಲು ಗಂಟೆಯಲ್ಲೇ ಎಂಬುದು ಅವರ ಲೆಕ್ಕ.

ಒಂದು ದಿನ ವೈದೇಹಿಯವರ 'ಅಕ್ಕು' ಕಥೆ. ಓದಿದವಳು ಕುಂದಾಪುರದ ಹುಡುಗಿ, ಆ ಮಾತು ಅವಳ ಮನೆಯದ್ದೇ. ತುಳು ಮಾತಾಡುವ ನಮಗೆ ಕುಂದಾಪ್ರ ಕನ್ನಡ ಕೇಳುವುದೇ ತಮಾಷೆ. ಬಿಟ್ಟುಹೋದ ಗಂಡ, ಎಲ್ಲರೂ ಹುಚ್ಚಿ ಎನ್ನುವ ಅಕ್ಕು, ಅವಳ ಬಸುರಿನ ಮಾತು. ಹಿಂದಿನ ಬೆಂಚು ಗೊಳ್ಳೆಂದು ನಕ್ಕಿತು. ಮಾಷ್ಟ್ರು ಬೈಯಲಿಲ್ಲ. "ಸರಿ, ಅಕ್ಕುವನ್ನು ನೋಡಿ ನಗುವವರು ಯಾರ್ಯಾರು? ಪಟ್ಟಿ ಮಾಡಿ" ಎಂದರು. ಬರೆಯುತ್ತಾ ಹೋದಂತೆ ಪಟ್ಟಿಯಲ್ಲಿ ಹಿಂದಿನ ಬೆಂಚಿನವರೂ ಬರಬೇಕಾಯಿತು. ಆಮೇಲೆ ಇನ್ನೊಂದು ಪ್ರಶ್ನೆ: "ಬಿಟ್ಟುಹೋದವನನ್ನು ಯಾಕೆ ಯಾರೂ ಹುಚ್ಚ ಅನ್ನುವುದಿಲ್ಲ?"

ಸಾರಾ ಅಬೂಬಕರ್ ಅವರ ಕಥೆ ಓದುವಾಗ ತಲಾಖಿನ ಮಾತು ಬಂತು. ಒಬ್ಬ "ಅವರಲ್ಲಿ ಹಾಗೇ ಸರ್" ಅಂದ. ಮಾಷ್ಟ್ರು ಏನೂ ಹೇಳದೆ 'ಅಕ್ಕು' ಇದ್ದ ಪುಟ ತೆರೆದು ಅವನ ಮುಂದಿಟ್ಟರು.

ಪರೀಕ್ಷೆಯಲ್ಲಿ ಮಾತ್ರ ಬಂದದ್ದು 'ಕಥೆಯಲ್ಲಿನ ಸಾಮಾಜಿಕ ವಿಮರ್ಶೆಯನ್ನು ವಿವರಿಸಿ'. ಗೈಡಿನಲ್ಲಿ ಉತ್ತರ ರೆಡಿ ಇತ್ತು. ಅದನ್ನು ಬರೆಯಲು ಕಥೆ ಓದಬೇಕಾಗಿಯೇ ಇರಲಿಲ್ಲ, ಅಲ್ವಾ? ವರದಕ್ಷಿಣೆಯೋ ಜಾತಿಯೋ, ಪ್ರಬಂಧ ಬರೆಯಿರಿ ಎಂದರೆ ಎಲ್ಲರೂ ಸಮಾಜದಿಂದ ಆಚೆ ನಿಂತು ಬುದ್ಧಿ ಹೇಳುತ್ತಾರೆ. ಒಳ್ಳೆಯ ಕಥೆ ಆಚೆ ನಿಲ್ಲಲು ಬಿಡುವುದಿಲ್ಲ. ನಮ್ಮ ಕರಾವಳಿಗೆ ಇದು ಹೊಸತೂ ಅಲ್ಲ. ಪಂಜೆ ಮಂಗೇಶರಾಯರು 1900ರ ಹೊತ್ತಿಗೇ ಮಂಗಳೂರಿನ 'ಸುವಾಸಿನಿ' ಪತ್ರಿಕೆಯಲ್ಲಿ ಕಥೆ ಬರೆದವರು. ಅವರೂ ಮೇಷ್ಟ್ರೇ.

ಈಗ ನಾನು ಮಂಗಳೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್. ಮೊನ್ನೆ ಬೊಳುವಾರು ಮಹಮದ್ ಕುಂಞಿಯವರ ಕಥೆ ಓದಿಸಿದೆ. ಅವರ ಮುತ್ತುಪ್ಪಾಡಿ ಕಲ್ಪನೆಯ ಊರು ಎಂದರೆ ಮಕ್ಕಳು ಒಪ್ಪಲೇ ಇಲ್ಲ. "ಅದು ನಮ್ಮ ಅಜ್ಜಿ ಊರು ಟೀಚರ್, ಪುತ್ತೂರಿನ ಹತ್ತಿರ" ಎಂದು ಒಬ್ಬಳು. "ಅಲ್ಲ, ಬಂಟ್ವಾಳದ ಕಡೆ" ಎಂದು ಇನ್ನೊಬ್ಬ. ಹಾಗಾದರೆ ಆ ಊರಿನಲ್ಲಿ ಯಾರ ಮನೆಗೆ ಯಾರು ಹೋಗುವುದಿಲ್ಲ ಎಂದು ಕೇಳಿದೆ. ಇಬ್ಬರೂ ಒಟ್ಟಿಗೇ ಶುರು ಮಾಡಿದರು. ಗಣಿತದ ಸರ್ ಬಾಗಿಲಲ್ಲಿ ನಿಂತು ಗಡಿಯಾರ ತೋರಿಸುತ್ತಿದ್ದರು.