ಮಲ್ಪೆಯ ಕಲ್ಲು, ಅಂಧೇರಿಯ ಕಲ್ಲು

19 ಜನವರಿ 2025, ಭಾನುವಾರ
ಅಂಧೇರಿ, ಮುಂಬೈ

ಕನ್ನಡ ವಿಶ್ವಕೋಶದ 14 ಸಂಪುಟಗಳನ್ನೂ ಓದಿ ಮುಗಿಸಬೇಕು ಅಂತ ಹೋದ ವರ್ಷ ಹಟ ಹಿಡಿದಿದ್ದೆ. ಮೈಸೂರು ವಿಶ್ವವಿದ್ಯಾನಿಲಯ ಮೊದಲ ಸಂಪುಟ ತಂದದ್ದು 1969ರಲ್ಲಿ. ಅಪ್ಪ ಫೋರ್ಟಿನ ಹೋಟೆಲಿನಲ್ಲಿ ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಕಲಿತವರು. ಎಲ್ಲದರ ಬಗ್ಗೆಯೂ ಸ್ವಲ್ಪವಾದರೂ ಗೊತ್ತಿರಬೇಕು ಅನ್ನುವ ಅವರ ಆಸೆ ನನಗೂ ಬಂದಿದೆ.

ರಾತ್ರಿ ಊಟ ಆದ ಮೇಲೆ ದಿನಕ್ಕೆ ಹತ್ತು ಪುಟ. ಅಕ್ಬರ್ ಆಯಿತು, ಅಣು ಆಯಿತು. ಆದರೆ ಒಂದು ವಾರ ಕಳೆದರೆ ಓದಿದ್ದು ನೆನಪಿಗೇ ಬರುತ್ತಿರಲಿಲ್ಲ. ಇದಕ್ಕೆ ತುಂಬಾ ಬೇಜಾರಾಗಿತ್ತು.

ಇವತ್ತು ಬೆಳಿಗ್ಗೆ ಮಗನ ಜೊತೆ ಗಿಲ್ಬರ್ಟ್ ಹಿಲ್‌ಗೆ ಹೋಗಿದ್ದೆ. ಸುತ್ತ ಬಿಲ್ಡಿಂಗುಗಳು, ನಡುವೆ ಸುಮಾರು 200 ಅಡಿ ಎತ್ತರದ ಕಪ್ಪು ಬಂಡೆ, ಮೇಲೆ ಗಾಂವ್‌ದೇವಿ ಗುಡಿ. ಬಂಡೆಯ ಮೈಯೆಲ್ಲ ಕಂಬ ಜೋಡಿಸಿಟ್ಟ ಹಾಗೆ. "ಅಮ್ಮಾ, ಮಲ್ಪೆಯ ದ್ವೀಪದಲ್ಲೂ ಹೀಗೇ ಇತ್ತಲ್ವಾ?" ಅಂದ. ಹೌದು! ಸೇಂಟ್ ಮೇರೀಸ್ ದ್ವೀಪದ ಆ ಕಂಬಗಳ ಮೇಲೆ ನಾನು ಚಿಕ್ಕವಳಿದ್ದಾಗ ಕುಣಿದಿದ್ದೇನೆ. ಎರಡೂ ಒಂದೇ ಕಲ್ಲಾ?

ಮನೆಗೆ ಬಂದವಳು ಓದಲು ಕೂತು ಸಂಜೆವರೆಗೂ ಏಳಲಿಲ್ಲ. ಸಾರು ಕೂಡ ಮಗನೇ ಬಿಸಿ ಮಾಡಿದ.

ಕಂಬ ಆಗುವ ರೀತಿ ಎರಡೂ ಕಡೆ ಒಂದೇ. ಲಾವಾ ನಿಧಾನವಾಗಿ ತಣ್ಣಗಾಗುವಾಗ ಕುಗ್ಗುತ್ತದೆ, ಕೆರೆಯ ಕೆಸರು ಒಣಗಿದಾಗ ಬಿಡುವಂಥ ಬಿರುಕು ಬಿಡುತ್ತದೆ. ಬಿಸಿ ಆರುತ್ತಾ ಹೋದ ಹಾಗೆ ಬಿರುಕೂ ಒಳಕ್ಕೆ ಇಳಿಯುತ್ತದೆ. ಐದು ಬದಿ, ಆರು ಬದಿಯ ಕಂಬಗಳು ಉಳಿಯುತ್ತವೆ. ಆದರೆ ಕಲ್ಲು ಮಾತ್ರ ಬೇರೆ! ಅಂಧೇರಿಯದು ಬಸಾಲ್ಟ್ ಅನ್ನುವ ಕಪ್ಪು ಕಲ್ಲು, ಸುಮಾರು 6 ಕೋಟಿ ವರ್ಷದ್ದು. ದಖ್ಖನ್ ಮೇಲೆ ಲಾವಾ ಹರಿದ ಕಾಲದ ಕೊನೆ, ಡೈನೋಸಾರ್‌ಗಳು ಅಳಿದ ಮೇಲಿನದು. ಮಲ್ಪೆಯದು ಬಣ್ಣದಲ್ಲೂ ತಿಳಿ, ವಯಸ್ಸಿನಲ್ಲೂ ದೊಡ್ಡದು, ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದಾಗ ಉಕ್ಕಿದ್ದು. ನಾನು ಕುಣಿದದ್ದು ಎರಡು ನೆಲ ಬೇರೆಯಾದ ಗುರುತಿನ ಮೇಲೆ! ಓದುತ್ತಾ ಮೈ ಜುಮ್ ಅಂದಿತು.

ಇದು ಮರೆತುಹೋಗುವುದಿಲ್ಲ, ನನಗೆ ಗೊತ್ತು. ಇನ್ನು ಮೇಲೆ ಅಕ್ಷರದ ಸಾಲು ಹಿಡಿದು ಓದುವುದಿಲ್ಲ. ಒಂದು ಪ್ರಶ್ನೆ ಹಿಡಿದು, ಅದು ಯಾವ ಸಂಪುಟಕ್ಕೆ ಕರೆದರೆ ಅಲ್ಲಿಗೆ ಹೋಗುತ್ತೇನೆ. 14 ಸಂಪುಟದ ಹಟ ಮಾತ್ರ ಬಿಟ್ಟಿಲ್ಲ.

ಮೇ ರಜೆಗೆ ಊರಿಗೆ ಹೋಗುತ್ತೇವೆ. ಮಳೆಗಾಲಕ್ಕೆ ಮುಂಚೆ, ದೋಣಿ ನಿಲ್ಲುವುದರೊಳಗೆ ದ್ವೀಪಕ್ಕೆ ಹೋಗಬೇಕು. ಐದು ಬದಿಯ ಕಂಬ ಜಾಸ್ತಿಯಾ, ಆರು ಬದಿಯದ್ದಾ ಅಂತ ಎಣಿಸಲು ಮಗ ಈಗಲೇ ಒಂದು ನೋಟ್‌ಬುಕ್ ಎತ್ತಿಟ್ಟಿದ್ದಾನೆ.