ದಂಡು ಬಿಟ್ಟ ಜಾಗದಲ್ಲಿ ಬಾಡಿಗೆ ಮನೆ ಕಟ್ಟಲಿ

ನಮ್ಮ ಬೀದಿ ಮೂಲೆಯಲ್ಲಿ ಹನ್ನೆರಡು ವರ್ಷದಿಂದ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ಅಣ್ಣ ಕಳೆದ ತಿಂಗಳು ಬೆಂಗಳೂರಿನ ಈಜಿಪುರದ ಮನೆ ಖಾಲಿ ಮಾಡಿದರು. ಶೀಟಿನ ಮನೆ, ಒಂದೇ ರೂಮು, ನಾಲ್ಕು ಮನೆಗೆ ಒಂದು ಬಚ್ಚಲು. ಏಳು ಸಾವಿರ ಇದ್ದ ಬಾಡಿಗೆಯನ್ನು ಓನರ್ ಒಂದೇ ಸಲ ಒಂಬತ್ತೂವರೆ ಮಾಡಿದರು, ಅಡ್ವಾನ್ಸೂ ಜಾಸ್ತಿ ಕೇಳಿದರು, ಕೊನೆಗೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಮಿಕ್ಕದ್ದು ಕೊಟ್ಟರು. ಈಗ ಸರ್ಜಾಪುರದ ಕಡೆಯಿಂದ ಎರಡು ಬಸ್ ಹತ್ತಿ ಬರುತ್ತಾರೆ. "ನಾನು ಇದ್ದಿಲು ಹೊತ್ತಿಸೋ ಹೊತ್ತಿಗೆ ಆಫೀಸಿನವರೆಲ್ಲ ಹೊರಟೇ ಹೋಗಿರ್ತಾರೆ ಅಕ್ಕ" ಅಂದರು.

ಅವರ ಹಳೇ ಮನೆಯಿಂದ ಸ್ವಲ್ಪ ದೂರ ಬಂದು ಇನ್ನರ್ ರಿಂಗ್ ರೋಡಿನಲ್ಲಿ ದೊಮ್ಮಲೂರಿನ ಕಡೆ ಹೋದರೆ ಮಿಲಿಟರಿ ಗೋಡೆ, ಗೋಡೆಯಾಚೆ ಮರಗಳು. ಆ ಜಾಗ ಕೊಡಿ ಅಂತ ನಾನು ಕೇಳುತ್ತಿಲ್ಲ. ಅಲ್ಲಿ ಸೈನ್ಯ ಇದೆ, ಮರಗಳಿವೆ, ಇರಲಿ. ನಾನು ಹೇಳುತ್ತಿರುವುದು ಸೈನ್ಯವೇ ಇನ್ನು ಬೇಡ ಅಂತ ಬಿಡುವ ಜಾಗದ ಬಗ್ಗೆ. ದೇಶದಲ್ಲಿ ರಕ್ಷಣಾ ಇಲಾಖೆಯ ಕೈಯಲ್ಲಿ ಸುಮಾರು 18 ಲಕ್ಷ ಎಕರೆ ಇದೆ. 1889ರಲ್ಲಿ ಶುರುವಾಗಿದ್ದ ಮಿಲಿಟರಿ ಡೈರಿ ಫಾರ್ಮುಗಳನ್ನೆಲ್ಲ 2021ರಲ್ಲಿ ಮುಚ್ಚಿದರು. ಇಂಥ ಜಾಗ ಮುಂದೆಯೂ ಖಾಲಿಯಾಗುತ್ತದೆ. ಆಗ ಹರಾಜು ಹಾಕಬೇಡಿ, ಅಷ್ಟೇ.

1809ರಲ್ಲಿ ಬ್ರಿಟಿಷರ ದಂಡು ಬಂದು ನೆಲೆಸಿದ ಮೇಲೆ ಅರ್ಧ ಬೆಂಗಳೂರು ಅದರ ಸುತ್ತಲೇ ಬೆಳೆಯಿತು. ಇವತ್ತಿಗೂ ರೈಲ್ವೆ ಸ್ಟೇಷನ್ ಹೆಸರು ಬೆಂಗಳೂರು ದಂಡು. ದಂಡಿಗೆ ಅಡುಗೆ ಮಾಡಿದವರು, ಬಟ್ಟೆ ಒಗೆದವರು, ಕುದುರೆ ನೋಡಿಕೊಂಡವರು ಅದರ ಪಕ್ಕದಲ್ಲೇ ಬದುಕಿದರು. ಈಗಿನ ಊರಿಗೆ ಅದೇ ಕೆಲಸ ಮಾಡುವವರು ಎರಡು ಬಸ್ ದೂರ ಯಾಕಿರಬೇಕು?

ಜರ್ಮನಿಯ ಫ್ರೈಬರ್ಗ್‌ನಲ್ಲಿ ವೊಬಾನ್ ಅಂತ ಒಂದು ಬಡಾವಣೆ ಇದೆ. ಅಲ್ಲಿದ್ದ ಫ್ರೆಂಚ್ ಸೈನ್ಯ 1992ರಲ್ಲಿ ಹೋಯಿತು. ಹಳೇ ಬ್ಯಾರಕ್ಕುಗಳಲ್ಲಿ ಒಂದಷ್ಟನ್ನು ಒಡೆಯದೆ ರಿಪೇರಿ ಮಾಡಿ ವಿದ್ಯಾರ್ಥಿಗಳಿಗೆ, ಕಡಿಮೆ ಸಂಬಳದವರಿಗೆ ಬಾಡಿಗೆ ಮನೆ ಮಾಡಿದರು. ಪ್ಯಾರಿಸ್‌ನಲ್ಲಂತೂ ಊರಿನ ಅತಿ ದುಬಾರಿ ಏರಿಯಾದಲ್ಲಿ ರಕ್ಷಣಾ ಸಚಿವಾಲಯದ್ದಾಗಿದ್ದ ಹಳೇ ಕಟ್ಟಡಗಳಲ್ಲಿ 254 ಕಡಿಮೆ ಬಾಡಿಗೆಯ ಮನೆಗಳಾಗಿವೆ. ನಮ್ಮಲ್ಲಾಗಿದ್ದರೆ ಕಬ್ಬನ್ ಪಾರ್ಕ್ ಪಕ್ಕ ಕಟ್ಟಿದ ಹಾಗೆ.

ಲೆಕ್ಕ ಕಷ್ಟದ್ದೇನಲ್ಲ. ಬೆಂಗಳೂರಲ್ಲಿ ಮನೆ ಕಟ್ಟುವಾಗ ಇಟ್ಟಿಗೆ, ಸಿಮೆಂಟಿಗಿಂತ ಜಾಸ್ತಿ ಸೈಟೇ ತಿನ್ನುತ್ತದೆ. ಜಾಗ ಸರ್ಕಾರದ್ದೇ ಆಗಿ, ಅದರ ಬೆಲೆಯನ್ನು ಬಾಡಿಗೆ ಮೇಲೆ ಹಾಕದಿದ್ದರೆ, ಕಟ್ಟಡದ ಸಾಲ, ನೀರು, ಲಿಫ್ಟು, ರಿಪೇರಿ ಇಷ್ಟನ್ನು ಬಾಡಿಗೆಯಲ್ಲಿ ತೂಗಿಸಿದರೆ ಸಾಕು. ರಸ್ತೆಗೆ ಅಂತ ರಕ್ಷಣಾ ಭೂಮಿ ತಗೊಂಡಾಗ ಬದಲಿಗೆ ಅಷ್ಟೇ ಬೆಲೆಯ ಜಾಗ ಕೊಟ್ಟದ್ದುಂಟು. ಮನೆಗೂ ಕೊಡಬಹುದಲ್ವಾ?

ಲಾಕ್‌ಡೌನಿನಲ್ಲಿ ಕೂಲಿ ಜನ ಊರಿಗೆ ನಡೆದುಕೊಂಡು ಹೋದದ್ದನ್ನು ನೋಡಿದ ಮೇಲೆ, 2020ರಲ್ಲಿ ಕೇಂದ್ರ ಸರ್ಕಾರ ಕಡಿಮೆ ಬಾಡಿಗೆ ಮನೆಗಳ ಯೋಜನೆ ತಂದಿತು. ಒಳ್ಳೆಯದೇ, ಆದರೆ ಅದರಲ್ಲಿ ಬಾಡಿಗೆಗೆ ಕೊಡಬೇಕಾದದ್ದು 25 ವರ್ಷ. ಆಮೇಲೆ? ಅದಕ್ಕೇ ಜಾಗ ಎಂದೂ ಮಾರಾಟಕ್ಕಿಲ್ಲ ಅಂತ ಮೊದಲೇ ಬರೆದಿಡಬೇಕು. ಈಜಿಪುರದಲ್ಲಿ ಬಡವರಿಗೆ ಅಂತಲೇ ಕ್ವಾರ್ಟರ್ಸ್ ಕಟ್ಟಿದ್ದರು. 2013ರ ಜನವರಿಯಲ್ಲಿ ಅಲ್ಲಿದ್ದವರನ್ನು ಎಬ್ಬಿಸಿದರು, ಜೆಸಿಬಿ ಬಂತು. ಚಳಿಯಲ್ಲಿ ಪಾತ್ರೆ, ಚಾಪೆ ಇಟ್ಟುಕೊಂಡು ಫುಟ್‌ಪಾತಿನಲ್ಲಿ ಕೂತಿದ್ದ ಮಕ್ಕಳು ನನಗೆ ಇನ್ನೂ ನೆನಪಿದ್ದಾರೆ.

ಇನ್ನೊಂದು ವಿಷಯ, ಅಡ್ವಾನ್ಸ್. 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳಿಗಿಂತ ಜಾಸ್ತಿ ಬೇಡ ಅನ್ನುತ್ತದೆ, ಇಲ್ಲಿ ಹತ್ತು ತಿಂಗಳದ್ದು ಕೇಳುವುದೇ ರೂಢಿ. ಈ ಮನೆಗಳಲ್ಲಾದರೂ ಎರಡೇ ಇರಲಿ. ಮತ್ತೆ ನೆಲಮಹಡಿಯನ್ನು ಪೂರ್ತಿ ಕಾರ್ ಪಾರ್ಕಿಂಗ್ ಮಾಡಬೇಡಿ. ತರಕಾರಿ ಗಾಡಿ, ಆಟೊ, ಇಸ್ತ್ರಿ ಗಾಡಿ ನಿಲ್ಲಿಸಲು ನೆರಳಿರುವ ಜಾಗ ಬಿಡಿ, ಪಕ್ಕದಲ್ಲಿ ಒಂದು ನಲ್ಲಿ ಹಾಕಿ.